ವೇಲ್ಸಿನಲ್ಲಿ ಕೊಟ್ಟ ಕೊಸರು

ಬಾದನಹಟ್ಟಿ

ತಾಜಮಹಲು ನೋಡದವಳು, ಮೈಸೂರು ಅರಮನೆಯನ್ನು ಶಾಲೆಯ ಪ್ರವಾಸದಲ್ಲಿ ಒಮ್ಮೆ ಓಡೋಡುತ್ತ ನೋಡಿದವಳು, ಪಾಸ್‌ಪೋರ್ಟು ಮಾಡಿಸಿಕೊಂಡು ವಿಮಾನ ಹತ್ತಿ ವೇಲ್ಸ್ ಎಂಬ ದೇಶಕ್ಕೆ ಹೋಗಿ ಬಂದೆ. ಅಲ್ಲಿ ಏನು ನೋಡಿದಿರಿ ಎಂದು ಕೇಳಿದವರಿಗೆ "ಕೋಳಿ" ಎಂದು ಹೇಳಿ ಅವರ ಮುಖ ನೋಡುವುದೇ ಈಗ ನನಗೊಂದು ಹಬ್ಬ.

ನನ್ನ ಹೆಸರು ಹುಲಿಗೆಮ್ಮ. ತವರು ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿ, ಕೊಟ್ಟದ್ದು ಕುರುಗೋಡು ತಾಲೂಕಿನ ಬಾದನಹಟ್ಟಿಗೆ. ನಮ್ಮವರ ಹೆಸರು ಗಾದಿಲಿಂಗಪ್ಪ. ಸುತ್ತಲೂ ಭತ್ತ, ಮೆಣಸಿನಕಾಯಿ. ನಡುವೆ ನಮ್ಮ ನಾಲ್ಕು ಎಕರೆಯಲ್ಲಿ ಮಾತ್ರ ಹುಲ್ಲು. ಆ ಹುಲ್ಲಿನ ಮೇಲೆ ಹದಿನೆಂಟು ಕುರಿ, ಇನ್ನೂರು ಜವಾರಿ ಕೋಳಿ. ಹಳೆಯ ಚಕ್ಕಡಿಯ ಗಾಲಿಗಳ ಮೇಲೆ ಕೋಳಿಗೂಡು ಕಟ್ಟಿದ್ದೇವೆ. ದಿನಾ ಬೆಳಿಗ್ಗೆ ಅದನ್ನು ಇಪ್ಪತ್ತು ಹೆಜ್ಜೆ ಮುಂದಕ್ಕೆ ತಳ್ಳುತ್ತೇವೆ. ಕುರಿ ಮೇಯ್ದ ಜಾಗದಲ್ಲಿ ಕೋಳಿ ಕೆದರಿ ಹುಳ ತಿನ್ನುತ್ತದೆ, ಕೋಳಿ ಹೋದ ಜಾಗದಲ್ಲಿ ಹುಲ್ಲು ಮತ್ತೆ ದಟ್ಟವಾಗಿ ಏಳುತ್ತದೆ. ಭಾನುವಾರ ಬಳ್ಳಾರಿಗೆ ಹೋಗಿ ನಾವೇ ಮನೆಮನೆಗೆ ಮೊಟ್ಟೆ ಕೊಟ್ಟು ಬರುತ್ತೇವೆ. ನಡುವೆ ಅಂಗಡಿಯೂ ಇಲ್ಲ, ದಲ್ಲಾಳಿಯೂ ಇಲ್ಲ. ನಮ್ಮ ಊರಲ್ಲಿ ಹೊಲದಲ್ಲಿ ಹುಲ್ಲು ಬೆಳೆಸುವವರೆಂದರೆ ತಲೆ ಕೆಟ್ಟವರು ಎಂದೇ ಲೆಕ್ಕ.

ಮೊದಲು ನಲವತ್ತೆಂಟು ಮನೆಗಳಿದ್ದವು. ಫೋನ್ ಒತ್ತಿದರೆ ಹತ್ತು ನಿಮಿಷದಲ್ಲಿ ಮೊಟ್ಟೆ ಬಾಗಿಲಿಗೆ ಬರುವ ಕಾಲ ಬಂದ ಮೇಲೆ ಒಂದೊಂದಾಗಿ ಉದುರಿ ಮೂವತ್ತೊಂದಕ್ಕೆ ಇಳಿದವು. ಅಷ್ಟರಲ್ಲಿ ಸಿರುಗುಪ್ಪದ ಕೋಳಿ ವ್ಯಾಪಾರಿಯೊಬ್ಬ ಬಂದು, ಇನ್ನೂರನ್ನೂ ಒಂದೇ ಏಟಿಗೆ ಒಯ್ಯುತ್ತೇನೆ ಎಂದ. ನಮ್ಮವರು ತಲೆ ಆಡಿಸಿ ಒಪ್ಪಿಬಿಟ್ಟರು. ನಾನು ಎರಡು ದಿನ ಮಾತು ಬಿಟ್ಟೆ. ಆರು ವರ್ಷ ಆ ಗೂಡಿಗೆ ಹೆಗಲು ಕೊಟ್ಟವಳು ನಾನು, ಯಾವ ಕೋಳಿ ಯಾವ ಮೂಲೆಯಲ್ಲಿ ಕೂರುತ್ತದೆ ಎಂದು ಕತ್ತಲಲ್ಲೂ ಹೇಳಬಲ್ಲೆ. ಅವನ್ನು ಲಾರಿಗೆ ಹತ್ತಿಸುವುದನ್ನು ನೆನೆಯಲೂ ಆಗುತ್ತಿರಲಿಲ್ಲ.

ಆಗ ನೆನಪಾದವಳು ಕ್ಯಾರಿಸ್. ಎರಡು ಚಳಿಗಾಲ ಸಂಗನಕಲ್ಲಿನ ಗುಡ್ಡದಲ್ಲಿ ಹಳೆಗಾಲದ ಕಲ್ಲಿನ ಆಯುಧಗಳ ಬಗ್ಗೆ ಓದಲು ಬಂದು, ಬಳ್ಳಾರಿಯಲ್ಲಿ ಬಾಡಿಗೆ ಮನೆ ಹಿಡಿದು, ನಮ್ಮ ಮೊಟ್ಟೆ ತಿಂದ ವೇಲ್ಸಿನ ಹುಡುಗಿ. ಒಮ್ಮೆ ಹೊಲಕ್ಕೆ ಬಂದವಳು ನಮ್ಮ ಗಾಲಿಗೂಡು ನೋಡಿ ಕುಣಿದುಬಿಟ್ಟಿದ್ದಳು. ಅವಳ ಅಮ್ಮನದೂ ಇಂಥದೇ ಹೊಲವಂತೆ, ಇಂಥದೇ ಗೂಡಂತೆ. ಊರಿಗೆ ಹೋದ ಮೇಲೂ "ಒಮ್ಮೆ ಬನ್ನಿ" ಎಂದು ಬರೆಯುವುದನ್ನು ಬಿಟ್ಟಿರಲಿಲ್ಲ; ಟಿಕೆಟ್ಟಿನ ಖರ್ಚೂ ತನ್ನದೇ ಎಂದಿದ್ದಳು. ಹೋಗಿಯೇ ನೋಡೋಣ ಎಂದೆ.

ನಮ್ಮವರು ಒಂದು ಷರತ್ತು ಹಾಕಿದರು: "ಆತು. ಅಲ್ಲಿ ಹಿಂಗ ಬದುಕಾಕ ಆಗತೈತಿ ಅಂತ ಕಣ್ಣಾರೆ ಕಂಡ್ರ ಕೋಳಿ ಇಟಗೊಳ್ಳೋಣು. ಗಿರಾಕಿ ನಿಲ್ಲಂಗಿಲ್ಲ ಅಂತ ಕಂಡ್ರ, ಬಂದ ಕೂಡ್ಲೆ ಸಿರುಗುಪ್ಪಕ್ಕ ಫೋನ್ ಹಚ್ಚತೀನಿ. ಆಮ್ಯಾಲೆ ನೀ ಮಾರಿ ಉಬ್ಬಿಸಬಾರದು."

ನಾನು ಒಪ್ಪಿದೆ. ವ್ಯಾಪಾರಿಗೆ, ಊರಿಗೆ ಮರಳಿದ ಮೇಲೆ ಹೇಳುತ್ತೇವೆ ಎಂದೆವು. ಮೂವತ್ತೊಂದು ಮನೆಗೂ ಹೋಗಿ, ಎರಡು ಭಾನುವಾರ ಮೊಟ್ಟೆ ಇಲ್ಲ ಎಂದು ತಿಳಿಸಿದೆವು. ಹಚ್ಚೊಳ್ಳಿಯಿಂದ ನನ್ನ ತಮ್ಮ ಬಂದು ಕೋಳಿ, ಕುರಿ ನೋಡಿಕೊಳ್ಳಲು ನಿಂತ.

ಆಕಾಶ ಮತ್ತು ಲಂಡನ್ನಿನ ಕೌಂಟರು

ನಮ್ಮವರದೊಂದು ಅಭ್ಯಾಸವಿದೆ. ಬಳ್ಳಾರಿ ಸೀಮೆಯ ಬಹಳ ಜನಕ್ಕೆ ಇದು ಇದೆ. ಎದುರಿಗಿದ್ದವರಿಗೆ ಕನ್ನಡ ಬರುವುದಿಲ್ಲ ಎಂದು ಗೊತ್ತಾದರೆ ನಾಲಿಗೆ ತಾನಾಗಿ ತೆಲುಗಿಗೆ ಹೊರಳುತ್ತದೆ. ಕನ್ನಡ ಬಾರದವನೆಂದರೆ ತೆಲುಗಿನವನೇ ಆಗಿರಬೇಕು. ಈ ಜಗತ್ತಿನಲ್ಲಿ ಮೂರನೆಯ ಜಾತಿಯ ಮನುಷ್ಯನಿಲ್ಲ.

ವಿಮಾನದಲ್ಲಿ ನೀರು ತಂದ ಹುಡುಗಿಗೆ ತೆಲುಗಿನಲ್ಲಿ ಇನ್ನೊಂದು ಲೋಟ ಕೇಳಿದರು. ಅವಳು ಕೊಟ್ಟಳು. ಪಕ್ಕದಲ್ಲಿ ಕೂತ ಆರಡಿ ಎತ್ತರದ, ಕೆಂಪು ಗಡ್ಡದವನಿಗೆ ತೆಲುಗಿನಲ್ಲಿ ಯಾವ ಊರು ಎಂದು ಕೇಳಿದರು. ಅವನು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ ಎದ್ದು ದಾರಿ ಬಿಟ್ಟ. ಪಾಪ, ಇವರು ಶೌಚಾಲಯಕ್ಕೆ ಹೋಗಬೇಕೆಂದು ತಿಳಿದಿದ್ದ. ಎದ್ದು ದಾರಿ ಬಿಟ್ಟವನನ್ನು ನಿಲ್ಲಿಸಬಾರದೆಂದು ನಮ್ಮವರೂ ಎದ್ದು ಹೋಗಿಬಂದರು.

ಲಂಡನ್ನಿನಲ್ಲಿ ಪಾಸ್‌ಪೋರ್ಟು ನೋಡುವ ಕೌಂಟರಿನಲ್ಲಿ ಕೂತಿದ್ದ ಹೆಣ್ಣುಮಗಳು ಯಾತಕ್ಕೆ ಬಂದಿದ್ದೀರಿ ಎಂದು ಕೇಳಿದಳು. ನಾಲ್ಕು ವರ್ಷ ಸಿರುಗುಪ್ಪದ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಇಂಗ್ಲಿಷಿನ ವಾಕ್ಯವೊಂದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಕೈಮುಗಿದು, "ಕೋಳ್ಳು ಚೂಡಟಾನಿಕಿ ವಚ್ಚಾಮಂಡಿ" ಎಂದರು. ಕೋಳಿ ನೋಡಲು ಬಂದೆವು ಎಂದು ಅರ್ಥ. ನಾನು ಅದನ್ನೇ ಇಂಗ್ಲಿಷಿಗೆ ತಂದೆ. ಆಕೆ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಕ್ಯಾರಿಸಳ ಅಮ್ಮ ಬರೆದ ಪತ್ರ ತೋರಿಸಿದೆ. ಅದರಲ್ಲಿಯೂ ಕೋಳಿಯೇ ಇತ್ತು. ಆಕೆ ತುಟಿ ಕಚ್ಚಿ ನಗು ತಡೆದುಕೊಂಡು ಮುದ್ರೆ ಒತ್ತಿದಳು.

ಬೆಟ್ಟದ ಮೇಲಿನ ಹೊಲ

ಕ್ಯಾರಿಸಳ ಅಮ್ಮನ ಹೆಸರು ಮೆಗನ್. ಅರವತ್ತರ ಹತ್ತಿರದ ಗಟ್ಟಿ ಹೆಂಗಸು, ಕೈ ಹಿಡಿದರೆ ನಮ್ಮ ಹೊಲಗೆಲಸದವರ ಕೈಯಂತೆಯೇ ಒರಟು. ಮಗಳು ಆಗ ಬೇರೆ ದೇಶದಲ್ಲಿ ಹಳೆಗಾಲದ ಕಲ್ಲು ಹುಡುಕುತ್ತ ನೆಲ ಅಗೆಯುತ್ತಿದ್ದಳು. ಮನೆಯಲ್ಲಿ ಮೆಗನ್, ಅವರ ಎಂಬತ್ತು ದಾಟಿದ ಅಪ್ಪ ಎಮ್ರಿಸ್ ಮತ್ತು ನೆಲ್ ಎಂಬ ನಾಯಿ.

ಮೇ ತಿಂಗಳು. ಬಳ್ಳಾರಿಯಲ್ಲಿ ಅಂಗಳಕ್ಕೆ ಕಾಲಿಟ್ಟರೆ ಬೊಬ್ಬೆ ಏಳುವ ಹೊತ್ತಿನಲ್ಲಿ ನಾನು ಎರಡು ಸ್ವೆಟರು, ಮೇಲೊಂದು ಶಾಲು, ಅದರ ಮೇಲೆ ಮಂಕಿ ಟೋಪಿ ಹಾಕಿ ನಿಂತಿದ್ದೆ. ಎಮ್ರಿಸ್ ಅಜ್ಜ ಅಂಗಿ ತೋಳು ಮಡಚಿಕೊಂಡು, ಈ ವರ್ಷ ಸೆಕೆ ಬೇಗ ಬಂತು ಎಂದರು.

ಹೊಲ ನೋಡಿ ನನ್ನ ಎದೆ ಹಿಗ್ಗಿತು. ಕಣ್ಣು ಹಾಯುವವರೆಗೆ ಹುಲ್ಲು, ಒಬ್ಬರೂ ನಗುವವರಿಲ್ಲ! ಪಕ್ಕದವರದೂ ಹುಲ್ಲು, ಆಚೆಯವರದೂ ಹುಲ್ಲು. ಬದುವಿಗೆ ಕಲ್ಲು ಪೇರಿಸಿದ್ದರು. ಕುರುಗೋಡು ಗುಡ್ಡದ ಬಂಡೆ ನೋಡಿದ ನಮ್ಮವರು, "ಇಷ್ಟು ಸಣ್ಣ ಕಲ್ಲು ಎಲ್ಲಿಂದ ಆರಿಸಿ ತಂದಾರ?" ಎಂದು ಬೆರಗಾದರು. ನಡುವೆ ನಮ್ಮದರಂಥದೇ ಗಾಲಿಗೂಡು. ನಮ್ಮದಕ್ಕೆ ಚಕ್ಕಡಿಯ ಗಾಲಿ, ಅವರದಕ್ಕೆ ಹಳೆಯ ಕಾರಿನ ಗಾಲಿ. ಅದೇ ಬಾಗಿದ ಬಾಗಿಲು, ಅದೇ ತಂತಿಯ ಕೊಂಡಿ, ಅದೇ ಕೋಳಿ ವಾಸನೆ. ನನಗೆ ಅಳು ಬಂತು, ನಗುವೂ ಬಂತು. ಮೆಗನ್ ನನ್ನ ಬೆನ್ನು ತಟ್ಟಿದರು.

ಗೂಡಿಗೆ ಹೋಗುವಾಗ ಒಂದು ತಮಾಷೆ ಆಯಿತು. ಬಾಗಿಲ ಹತ್ತಿರ ದೊಡ್ಡ ರಬ್ಬರಿನ ಬೂಟುಗಳನ್ನೂ ಔಷಧಿ ನೀರಿನ ಬೋಗುಣಿಯನ್ನೂ ಇಟ್ಟಿದ್ದರು. ಹೊರಗಿನ ರೋಗ ಕೋಳಿಗೆ ತಗುಲಬಾರದೆಂದು ಬೂಟು ಹಾಕಿ, ಅದನ್ನು ನೀರಿನಲ್ಲಿ ಅದ್ದಿ ಒಳಗೆ ಹೋಗಬೇಕು. ನಮ್ಮವರು ನಮ್ಮ ರೂಢಿಯಂತೆ ಚಪ್ಪಲಿ ಕಳಚಿ, ಕಾಲು ತೊಳೆಯಲು ಇಟ್ಟಿದ್ದಾರೆಂದು ಬರಿಗಾಲನ್ನೇ ಬೋಗುಣಿಯಲ್ಲಿ ಇಳಿಬಿಟ್ಟು ಉಜ್ಜಿಕೊಂಡರು. ಆ ಚಳಿಯ ನೀರಿಗೆ ಅವರು ಹಾಕಿದ ಕೂಗಿಗೆ ನೆಲ್ ಎದ್ದು ಓಡಿದ್ದು ಊಟದ ಹೊತ್ತಿಗೇ ಮರಳಿತು.

ಇನ್ನೊಂದು ಫಜೀತಿ ಬೆಳಕಿನದು. ನಮ್ಮಲ್ಲಿ ಸಂಜೆ ಏಳರೊಳಗೆ ಕೋಳಿಗಳು ಗೂಡು ಸೇರುತ್ತವೆ, ಬಾಗಿಲು ಹಾಕಿ ನಾವು ಉಣ್ಣಲು ಕೂರುತ್ತೇವೆ. ಬಾಗಿಲು ಹಾಕುವ ಕೆಲಸ ನನಗೆ ಬಿಡಿ ಎಂದು ನಮ್ಮವರು ವಹಿಸಿಕೊಂಡರು. ಏಳಾಯಿತು, ಎಂಟಾಯಿತು, ಸೂರ್ಯ ಇನ್ನೂ ಬೆಟ್ಟದ ಮೇಲೆ. ಕೋಳಿಗಳು ಮೇಯುತ್ತಲೇ ಇವೆ. ಇವರು ಬೂಟು ಹಾಕಿಕೊಂಡು ಅವುಗಳ ಹಿಂದೆ, "ಏ, ಸಾಕು ನಡೀರಿ, ಗಡಿಯಾರ ನೋಡ್ರಿ" ಎಂದು ಅಡ್ಡಾಡಿದರು. ಕನ್ನಡದಲ್ಲಿ ಬೇಡಿಕೊಂಡರು, ತೆಲುಗಿನಲ್ಲಿ ಗದರಿದರು. ಬೇಲಿಯಾಚೆ ಎಮ್ರಿಸ್ ಅಜ್ಜ ಹೊಗೆಸೊಪ್ಪಿನ ಪೈಪು ಹಿಡಿದುಕೊಂಡು ನಗುತ್ತಿದ್ದರು.

ಆ ಅಜ್ಜನಿಗೂ ಎರಡು ಭಾಷೆ. ನಮ್ಮೊಂದಿಗೆ ಇಂಗ್ಲಿಷು, ಮಗಳು ಮತ್ತು ನಾಯಿಯೊಂದಿಗೆ ವೇಲ್ಸ್ ಭಾಷೆ. ನಮ್ಮ ಗಡಿ ಸೀಮೆಯವರಂತೆಯೇ ಒಂದೇ ಉಸಿರಿನಲ್ಲಿ ಅತ್ತ ಇತ್ತ ಜಿಗಿಯುತ್ತಿದ್ದರು. ಮರುದಿನದಿಂದ ಅಜ್ಜ ವೇಲ್ಸ್ ಭಾಷೆಯಲ್ಲಿ, ನಮ್ಮವರು ತೆಲುಗಿನಲ್ಲಿ ಮಾತಾಡಿಕೊಂಡೇ ಗೂಡು ತಳ್ಳಿದರು. ಇಬ್ಬರಿಗೂ ಒಂದಕ್ಷರ ಅರ್ಥವಾಗದಿದ್ದರೂ ಗೂಡು ನೆಟ್ಟಗೆ ಹೋಯಿತು.

ಮೊದಲ ಶನಿವಾರ

ಶನಿವಾರ ಹತ್ತಿರದ ಊರಿನ ಸಮುದಾಯ ಭವನದ ಮುಂದೆ ಸಂತೆ. ಸಂತೆ ಎಂದರೆ ನಮ್ಮ ಕಿವಿಗೆ ಒಂದು ಗದ್ದಲವಿರಬೇಕು. ಅಲ್ಲಿ ಪಿಟ್ಟೆಂದರೆ ಪಿಟ್ಟೆನ್ನುವುದಿಲ್ಲ. ಜನ ಒಬ್ಬರ ಹಿಂದೊಬ್ಬರು ನಿಂತು, ಮೆಲ್ಲಗೆ ಬೇಕಾದ್ದು ಕೇಳಿ, ಮೆಲ್ಲಗೆ ಹೋಗುತ್ತಾರೆ. ಚೌಕಾಸಿ ಇಲ್ಲವೇ ಇಲ್ಲ.

ಮೆಗನ್ ಮೇಜಿನ ಮೇಲೆ ಮೊಟ್ಟೆ ಜೋಡಿಸಿದರು. ಮೇಜಿನ ಕೆಳಗೆ ಇನ್ನೊಂದಿಷ್ಟು ಡಬ್ಬಿಗಳನ್ನು ಇಟ್ಟರು. ಅರ್ಧ ಗಂಟೆಯಲ್ಲಿ ಎಮ್ರಿಸ್ ಅಜ್ಜನ ಫೋನ್ ಬಂತು, ಒಂದು ಕುರಿ ಮರಿ ಹಾಕಲಾರದೆ ಒದ್ದಾಡುತ್ತಿದೆ ಎಂದು. "ನೀವಿಬ್ಬರೂ ಮಾರುತ್ತಿರಿ, ಬಂದೆ" ಎಂದು ಮೆಗನ್ ಓಡಿದರು.

ನಮಗೆ ಮಾರುವುದನ್ನು ಹೇಳಿಕೊಡಬೇಕೆ? ನಮ್ಮವರು ಟವೆಲ್ಲು ಹೆಗಲಿಗೆ ಹಾಕಿ, ಎದೆ ತುಂಬ ಉಸಿರೆಳೆದುಕೊಂಡು ಕೂಗಿದರು: "ಬರ್ರೀ ಬರ್ರೀ! ಜವಾರಿ ತತ್ತೀ! ಹುಲ್ಲಾಗ ಮೇದ ಕೋಳಿ ತತ್ತೀ!"

ಇಡೀ ಸಂತೆ ತಿರುಗಿ ನೋಡಿತು. ಒಬ್ಬ ಮುದುಕಿ ಎದೆ ಹಿಡಿದುಕೊಂಡಳು. ಆಮೇಲೆ ಒಬ್ಬೊಬ್ಬರೇ ಬಂದರು.

ಮೊದಲು ಬಂದವನು ಉದ್ದ ಕೋಟಿನ ಮುದುಕ. ಒಂದು ಡಜನ್ ಕೇಳಿದ. ನಮ್ಮವರು ಹನ್ನೆರಡು ತುಂಬಿ, ಮೇಲೆ ಎರಡು ಇಟ್ಟರು. ಅದು ಕೊಸರು. ನಮ್ಮಲ್ಲಿ ಏನೇ ಕೊಂಡರೂ ಮೇಲೊಂದಿಷ್ಟು ಹೆಚ್ಚಿಗೆ ಕೊಡಲೇಬೇಕು. ಸೊಪ್ಪಿಗೆ ಕೊತ್ತಂಬರಿ, ಹೂವಿಗೆ ಅರ್ಧ ಮೊಳ, ಮೊಟ್ಟೆಗೆ ಮೊಟ್ಟೆ. ಕೊಡದಿದ್ದರೆ ಬಳ್ಳಾರಿಯ ಹೆಂಗಸರು ಬುಟ್ಟಿ ಎತ್ತಲು ಬಿಡುವುದಿಲ್ಲ. ಈ ಮುದುಕ, ಎಣಿಕೆ ತಪ್ಪಿದ್ದೀರಿ ಎಂದು ಎರಡನ್ನೂ ತೆಗೆದು ವಾಪಸಿಟ್ಟ. ಇವರು ಮತ್ತೆ ಇಟ್ಟರು. ಅವನು ಮತ್ತೆ ತೆಗೆದ. "ಇಟಗೋಳಪಾ, ಯಾಕ ಹಿಂಗ ಮಾಡ್ತೀ" ಎಂದು ಇವರು ಎರಡೂ ಮೊಟ್ಟೆಗಳನ್ನು ಅವನ ಕೋಟಿನ ಜೇಬಿಗೇ ಇಳಿಸಿದರು. ಅವನು ಜೇಬು ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಹೋದ.

ಸುದ್ದಿ ಹಬ್ಬಿತೋ, ಕೂಗಿನ ಪ್ರಭಾವವೋ, ಜನ ಬಂದೇ ಬಂದರು. ಪ್ರತಿಯೊಬ್ಬರೊಂದಿಗೂ ಇದೇ ಜಗ್ಗಾಟ. ನಾನು ಕೊಸರಿನ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಿ ಹೇಳಿ ಸುಸ್ತಾದೆ. ಮೇಜಿನ ಮೇಲಿನದು ಮುಗಿಯಿತು. ನಮ್ಮವರು ಬಗ್ಗಿ ಕೆಳಗಿನ ಡಬ್ಬಿಗಳನ್ನು ತೆಗೆದರು. ನಾನೂ ಕೈ ಹಾಕಿದೆ, ಸುಳ್ಳೇಕೆ ಹೇಳಲಿ. ಅವೂ ಮುಗಿದವು, ಕೊಸರಿನ ಸಮೇತ.

ಮೊಣಕೈವರೆಗೆ ತೊಳೆದುಕೊಂಡು ಮೆಗನ್ ಬರುವ ಹೊತ್ತಿಗೆ ನಾವಿಬ್ಬರೂ ಖಾಲಿ ಮೇಜಿನ ಹಿಂದೆ ಹಲ್ಲು ಕಿರಿದು ನಿಂತಿದ್ದೆವು. ಕುರಿ ಎರಡು ಮರಿ ಹಾಕಿದೆ ಎಂದು ನಗುತ್ತ ಹೇಳಿದವರು ಮೇಜಿನ ಕೆಳಗೆ ಬಗ್ಗಿ ನೋಡಿದರು. ನೋಡಿದವರು ಹಾಗೇ ಪೆಟ್ಟಿಗೆಯ ಮೇಲೆ ಕೂತರು.

"ಅವು ಆರು ಮನೆಗಳವು," ಎಂದರು. "ಮಧ್ಯಾಹ್ನ ಮುಟ್ಟಿಸಬೇಕಿತ್ತು."

ಹನ್ನೊಂದು ವರ್ಷದಿಂದ ಒಂದು ಶನಿವಾರವೂ ತಪ್ಪಿಸದೆ ಅವರು ಮುಟ್ಟಿಸುತ್ತಿದ್ದ ಮನೆಗಳವು. ಸಂತೆಗೆ ಮಳೆ ಬಂದು ಯಾರೂ ಬಾರದ ವಾರವೂ ಆ ಆರು ಮನೆಗಳೇ ಅವರ ಕೋಳಿಗಳನ್ನು ಉಳಿಸಿದ್ದಂತೆ. ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಹೇಳುವ ಮೊದಲೇ ನಮ್ಮವರಿಗೆ ಎಲ್ಲ ಅರ್ಥವಾಗಿತ್ತು. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಆರು ಬಾಗಿಲು

"ತಪ್ಪು ನಂದು. ಪ್ರತಿ ಮನಿಗೂ ನಾನ ಹೋಗಿ ಹೇಳ್ತೀನಿ ಅಂತ ಹೇಳು ಆಕಿಗೆ," ಎಂದರು ನಮ್ಮವರು. ಮೆಗನ್ ಬೇಡವೆಂದರೂ ಬಿಡಲಿಲ್ಲ. ಕೊನೆಗೆ ಅವರೇ ತಮ್ಮ ಕಾರಿನಲ್ಲಿ ನಮ್ಮನ್ನು ಮನೆಮನೆಗೆ ಕರೆದೊಯ್ದರು.

ಮೊದಲ ಬಾಗಿಲು ತೆರೆದದ್ದು ಹೊಲಿಗೆ ಹಾಕುತ್ತಿದ್ದ ಹೆಂಗಸು. ನಮ್ಮವರು ಕೈಮುಗಿದು ತೆಲುಗಿನಲ್ಲಿ ಶುರುಮಾಡಿದರು, ನಾನು ಇಂಗ್ಲಿಷಿನಲ್ಲಿ ಮುಗಿಸಿದೆ. ಮೊಟ್ಟೆ ಇಲ್ಲ, ಈ ವಾರ ಬೇರೆ ಕಡೆ ಕೊಂಡುಕೊಳ್ಳಿ, ನಮ್ಮಿಂದ ತಪ್ಪಾಯಿತು ಎಂದೆ. ಆಕೆ ನಕ್ಕು, ಪರವಾಗಿಲ್ಲ, ಏನೂ ಚಿಂತೆ ಬೇಡ ಎಂದು ಒಳಗೆ ಕರೆದು ಚಹ ಕೊಟ್ಟಳು. ಎರಡನೆಯ ಮನೆಯಲ್ಲೂ ನಗು, ಚಹ. ಮೂರನೆಯದರಲ್ಲೂ ನಗು, ಚಹ, ಬಿಸ್ಕತ್ತು. ಆರನೆಯ ಮನೆಯ ಹೊತ್ತಿಗೆ ನಮ್ಮ ಹೊಟ್ಟೆಯಲ್ಲಿ ಚಹ ಕುಲುಕುತ್ತಿತ್ತು. ಬೈಗುಳ ಹೋಗಲಿ, ಯಾರ ಹುಬ್ಬೂ ಗಂಟಿಕ್ಕಲಿಲ್ಲ.

ನನಗೆ ಜೀವ ಬಂದಂತಾಯಿತು. ನಮ್ಮವರ ಮುಖ ಮಾತ್ರ ಮನೆಯಿಂದ ಮನೆಗೆ ಇಳಿಯುತ್ತಲೇ ಹೋಯಿತು. ಕಾರಿನಲ್ಲಿ ಕೂತ ಮೇಲೆ ಹೇಳಿದರು: "ಮುಗೀತು, ಹುಲಿಗಿ. ಆರೂ ಮನಿ ಹೋದುವು."

"ಎಷ್ಟು ಚಂದ ಮಾತಾಡಿದ್ರಲ್ಲ್ರೀ!"

"ಅದಕ್ಕ ಅಂದೆ. ನಮ್ಮ ಹದಿನೇಳು ಮನಿ ಬಿಟ್ಟು ಹೋದುವಲ್ಲ, ಒಬ್ಬರರ ಜಗಳ ಆಡಿ ಹೋದ್ರೇನು? ಎಲ್ಲಾರೂ ನಕ್ಕೊಂತ, ಪರವಾಗಿಲ್ಲ ಬಿಡ್ರಿ, ಮುಂದಿನ ವಾರ ನೋಡೋಣ್ರಿ ಅಂದ್ರು. ಬೈಯೋ ಮನಿ ನಿಲ್ಲತೈತಿ. ನಗೋ ಮನಿ ಹೋಗತೈತಿ."

ನಾನು ಇದನ್ನು ಮೆಗನ್‌ಗೆ ಹೇಳಿದೆ. ಅವರು ಕಾರನ್ನು ಬದಿಗೆ ನಿಲ್ಲಿಸಿ ಬಹಳ ಹೊತ್ತು ನಕ್ಕರು, ಕಣ್ಣು ಒರೆಸಿಕೊಂಡರು. ಆಮೇಲೆ ಅಷ್ಟೊಂದು ನಗದೆ, "ಬರುತ್ತಾರೆ ಅಂದುಕೊಂಡಿದ್ದೇನೆ," ಎಂದರು. ಅವರ ದನಿಯಲ್ಲಿ ಸ್ವಲ್ಪ ಅಳುಕಿತ್ತು, ನನಗೆ ಕೇಳಿಸಿತು.

ಆ ವಾರವೆಲ್ಲ ನಮ್ಮವರು ಪ್ರಾಯಶ್ಚಿತ್ತಕ್ಕೆ ಕೂತವರಂತೆ ದುಡಿದರು. ಗೂಡು ತೊಳೆದರು, ಕೊಂಡಿ ಸರಿಮಾಡಿದರು, ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿದರು. ನಾನು ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ಎಮ್ರಿಸ್ ಅಜ್ಜ ಬೆಣ್ಣೆ ಸವರಿ ತಿಂದು, ಇದನ್ನು ಮಾಡುವುದು ಹೇಗೆಂದು ಮಗಳಿಗೆ ಬರೆದುಕೊಳ್ಳಲು ಹೇಳಿದರು. ರೊಟ್ಟಿ ಬಡಿಯುವುದನ್ನು ಬರೆದುಕೊಂಡು ಕಲಿತವರನ್ನು ನಾನು ಕಂಡಿಲ್ಲ, ಆದರೂ ಹೇಳಿದೆ.

ಎರಡನೆಯ ಶನಿವಾರ

ಮೇಜು ಹಾಕುವ ಮೊದಲೇ ಹೊಲಿಗೆಯ ಹೆಂಗಸು, ಮೊಟ್ಟೆ ಮನೆಗೆ ಬರುವವರೆಗೆ ಕಾಯದೆ, ತಾನೇ ಬಂದು ನಿಂತಿದ್ದಳು. ನಮ್ಮವರು ನನ್ನನ್ನು ಮೊಣಕೈಯಿಂದ ತಿವಿದರು. "ಆಕಿ ವಾರೆಲ್ಲ ಎಲ್ಲಿ ತತ್ತಿ ತಗೊಂಡಳಂತ ಕೇಳು."

ಕೇಳಿದೆ. ಎಲ್ಲಿಯೂ ಇಲ್ಲ ಎಂದಳು. ಮೆಗನ್ ಮೊಟ್ಟೆ ಇಲ್ಲದಿದ್ದರೆ ಮೊಟ್ಟೆಯೇ ಇಲ್ಲ. ಒಂದು ವಾರ ಬರೀ ಗಂಜಿ ಕುಡಿದೆವು ಎಂದಳು. ಇದನ್ನು ಹೇಳುವಾಗಲೂ ಅದೇ ನಗು. ನಂತರ ಎರಡನೆಯ ಮನೆ ಬಂತು, ಮೂರನೆಯದು ಬಂತು. ಊಟದ ಹೊತ್ತಿಗೆ ಆರೂ ಬಂದು ಹೋದವು. ಒಂದೊಂದು ಬಂದಾಗಲೂ ಮೆಗನ್ ನನ್ನ ಕೈ ಹಿಸುಕುತ್ತಿದ್ದರು. ಆರನೆಯದಕ್ಕೆ ನನ್ನ ಬಳೆ ಒಡೆಯಿತು.

ಕೊಸರು ಒಯ್ದಿದ್ದವರ ಕಥೆಯೇ ಬೇರೆ. ಬಿಟ್ಟಿ ಬಂದ ಮೊಟ್ಟೆಯನ್ನು ಏನು ಮಾಡುವುದೆಂದು ತಿಳಿಯದೆ ಒಂದು ವಾರ ಒದ್ದಾಡಿದ್ದರು ಕಾಣುತ್ತದೆ. ಒಬ್ಬಳು ಜಾಮ್ ಸೀಸೆ ತಂದಳು. ಒಬ್ಬ ಉಣ್ಣೆಯ ಕಾಲುಚೀಲ ತಂದ. ಉದ್ದ ಕೋಟಿನ ಮುದುಕ ಜೇಬಿಗಿಳಿದ ಎರಡು ಮೊಟ್ಟೆಗಳಿಂದ ತಾನೇ ಮಾಡಿದ ಕೇಕು ತಂದು, ಗಂಭೀರವಾಗಿ ನಮ್ಮವರ ಕೈಗಿಟ್ಟ. ಕೇಕು ನಡುವೆ ಕುಸಿದಿತ್ತು. ನಮ್ಮವರು ಅಲ್ಲೇ ನಿಂತು ಇಡೀ ಕೇಕು ತಿಂದರು, ನನಗೊಂದು ಚೂರೂ ಕೊಡಲಿಲ್ಲ.

ನಾನು ಗೆದ್ದೆನೆಂದುಕೊಂಡೆ. ವಿಮಾನದಲ್ಲಿ ಕೇಳಿಯೇಬಿಟ್ಟೆ, "ಕಣ್ಣಾರೆ ಕಂಡ್ರಲ್ಲ, ಈಗೇನಂತೀರಿ?"

ಅವರು ಕಿಟಕಿಯಾಚೆ ನೋಡುತ್ತ, "ಅವರು ಕಾದ್ರು, ಖರೆ. ಅದು ಅವರ ಊರು. ಗಂಜಿ ಕುಡದು ಕಾಯೋ ಮಂದಿ ನಮ್ಮ ಬಳ್ಳಾರ್ಯಾಗ ಯಾರದಾರ?" ಎಂದರು. ಉಳಿದ ದಾರಿಯೆಲ್ಲ ನನಗೆ ಲಾರಿಯೊಂದು ನಮ್ಮ ಹೊಲದ ಬದುವಿಗೆ ಬಂದು ನಿಂತಂತೆ ಕಾಣುತ್ತಿತ್ತು.

ಬಳ್ಳಾರಿ

ಭಾನುವಾರ ಬುಟ್ಟಿ ಹೊತ್ತು ಹೊರಟೆವು. ಮೊದಲ ಮನೆ ಸತ್ಯನಾರಾಯಣಪೇಟೆಯ ಜಯಶೀಲಮ್ಮ ಟೀಚರದು. ಕರೆಗಂಟೆ ಒತ್ತಿದ ನಮ್ಮವರು ಪರೀಕ್ಷೆಗೆ ಬಂದವರಂತೆ ನಿಂತಿದ್ದರು. ಬಾಗಿಲು ತೆರೆಯಿತು.

"ಏನ್ರೀ ಗಾದಿಲಿಂಗಪ್ಪ! ಎಲ್ಲಿ ಹಾಳಾಗಿ ಹೋಗಿದ್ರಿ ಎರಡು ವಾರ?"

"ಹೇಳಿ ಹೋಗಿದ್ವಲ್ರಿ ಮೇಡಮ್ಮಾರ..."

"ಹೇಳಿ ಹೋದ್ರ ಆತೇನ್ರಿ? ಅಂಗಡಿ ತತ್ತಿ ತರಿಸಿದ್ರ ನಮ್ಮ ಮನಿಯವ್ರು ತಾಟು ಹಿಂದಕ್ಕ ದೂಡಿ ಎದ್ದರು. ಸಪ್ಪಗ, ಬೆಳ್ಳಗ, ಸುಡುಗಾಡು ತತ್ತಿ! ನಿಮಗ ಒಂಚೂರರ ಖಬರು ಐತೇನ್ರಿ? ಕೊಸರು ಎಲ್ಲೈತಿ? ಎರಡು ವಾರದ್ದೂ ಹಾಕ್ರಿ!"

ನಮ್ಮವರು ನನ್ನ ಕಡೆ ತಿರುಗಿದರು. ಮೀಸೆಯ ತುದಿ ಅಲುಗುತ್ತಿತ್ತು.

ಕೌಲ್ ಬಜಾರಿನ ನೂರ್ಜಹಾನ್ ಅಕ್ಕ ಮಹಡಿಯ ಮೇಲಿಂದಲೇ ಶುರುಮಾಡಿದಳು. "ಅಣ್ಣಾ, ಇದೇನ್ ತಮಾಷಾ ಹಚ್ಚೀರಿ? ಮೆಹಮಾನ್ ಬಂದಿದ್ರು, ನನ್ನ ಇಜ್ಜತ್ ಹೋತು!" ಅವಳು ಇಳಿದು ಬರುವವರೆಗೆ ಬೈದಳು, ಮೊಟ್ಟೆ ತುಂಬಿಕೊಳ್ಳುವಾಗ ಬೈದಳು, ಮತ್ತೆ ಹತ್ತಿ ಹೋಗುತ್ತಲೂ ಬೈದಳು. ಮುಂದಿನ ಬೀದಿಯಲ್ಲಿ ಅತ್ತೆ ಸೊಸೆ ಸರದಿಯಲ್ಲಿ ಬೈದರು. ಯಾರೂ ಕಾದಿರಲಿಲ್ಲ, ಒಬ್ಬರೂ ಗಂಜಿ ಕುಡಿದಿರಲಿಲ್ಲ. ಎಲ್ಲರೂ ಬೇರೆ ಕಡೆ ಕೊಂಡಿದ್ದರು, ತಿಂದಿದ್ದರು, ಆ ಸಿಟ್ಟನ್ನೆಲ್ಲ ನಮಗಾಗಿ ಜೋಪಾನವಾಗಿ ಕೂಡಿಟ್ಟಿದ್ದರು. ಬೈಗುಳ ಬೀಳಬೀಳುತ್ತ ನಮ್ಮವರ ನಡಿಗೆಗೆ ಕುಣಿತ ಬಂತು. ನನಗೂ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

ಕೊನೆಯದು ಗಾಂಧಿನಗರದ ಒಂದು ಮನೆ. ಗುಮಾಸ್ತಿಕೆ ಮಾಡುವ ಗೀತಾ ಎಂಬವರು ಬಾಗಿಲು ತೆರೆದು ನಕ್ಕರು. "ಪರವಾಗಿಲ್ಲ ಬಿಡ್ರಿ, ನಾವು ಬ್ಯಾರೆ ತಗೊಂಡ್ವಿ. ಮುಂದಿನ ವಾರ ನೋಡೋಣಂತ."

ಮೆತ್ತಗೆ ಬಾಗಿಲು ಮುಚ್ಚಿತು. ಮೂವತ್ತು ಮನೆ ಬೈದಿದ್ದವು, ಒಂದು ನಕ್ಕಿತ್ತು. ಬಸ್ಸಿನಲ್ಲಿ ನಮ್ಮವರಿಗೆ ಆ ಒಂದರದೇ ಮಾತು.

ಸೋಮವಾರ ಬೆಳಿಗ್ಗೆ ಗೂಡು ತಳ್ಳಿದ ಕೂಡಲೇ ಬೈಕು ತೆಗೆದರು. ಎಲ್ಲಿಗೆ ಎಂದರೆ, "ಬೈಸಿಗೊಳ್ಳಾಕ" ಎಂದರು. ಕೈಯಲ್ಲಿ ಮೊಟ್ಟೆಯಿಲ್ಲ, ಚೀಲವಿಲ್ಲ.

ಹತ್ತೂವರೆಯಾಯಿತು, ಹನ್ನೊಂದಾಯಿತು. ನಾನು ಕಾಳು ಎರಚುತ್ತ ರಸ್ತೆ ನೋಡುತ್ತಿದ್ದೆ. ಕೋಳಿಗಳು ನನ್ನ ಕಾಲ ಸುತ್ತ ಕುಕ್ಕುತ್ತಿದ್ದವು. ಇವು ಇಲ್ಲದ ಬೆಳಿಗ್ಗೆಗಳನ್ನು ಏನು ಮಾಡಲಿ ಎನಿಸಿತು. ಅಷ್ಟರಲ್ಲಿ ಕಾಲುವೆ ಏರಿಯ ಮೇಲೆ ಬೈಕು ಕಂಡಿತು. ನಮ್ಮವರು ಒಂದು ಕೈ ಮೇಲೆತ್ತಿ, ದೂರದಿಂದಲೇ ಕೂಗುತ್ತ ಬಂದರು.

"ಬೈದ್ಲು, ಹುಲಿಗೀ! ಬೈದ್ಲು!"

ಬಾಗಿಲಲ್ಲಿ ನಿಂತು, ನಮ್ಮ ತಪ್ಪೇನು ಹೇಳಿ ಎಂದು ಕೇಳಿದರಂತೆ. ಏನೂ ಇಲ್ಲ ಎಂದು ಗೀತಾ ನಕ್ಕರಂತೆ. ಇವರು ಕದಲದೆ ನಿಂತರಂತೆ. ಮೂರನೆಯ ಸಲ ಕೇಳಿದ್ದಕ್ಕೆ ಕಟ್ಟೆ ಒಡೆಯಿತು. ಮೊಟ್ಟೆಗೆ ಹಿಕ್ಕೆ ಹತ್ತಿರುತ್ತದೆ, ಒರೆಸಿ ಕೊಡುವುದಿಲ್ಲ. ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಎರಡು ಸಲ ಒಡಕು ಮೊಟ್ಟೆ ಕೊಟ್ಟಿರಿ, ಹೇಳಿದರೆ ಸುಮ್ಮನೆ ಹಲ್ಲು ಬಿಟ್ಟಿರಿ ಎಂದು ಅರ್ಧ ತಾಸು ಉಸಿರು ಬಿಡದೆ ಬೈದು, ಕೊನೆಗೆ, "ಭಾನುವಾರ ಒರಿಸಿ ತರ್ರಿ ಒಂದು ಡಜನ್, ಇಲ್ಲಂದ್ರ ಈ ಕಡೆ ಮಾರಿ ತೋರಿಸಬ್ಯಾಡ್ರಿ" ಎಂದರಂತೆ. ಇದನ್ನು ಹೇಳುವಾಗ ನಮ್ಮವರ ಕಣ್ಣಲ್ಲಿ ನೀರು. ನಾನು ಕಾಳಿನ ಬುಟ್ಟಿ ಅಲ್ಲೇ ಬಿಟ್ಟು ಅವರ ತೋಳು ಹಿಡಿದುಕೊಂಡೆ.

ಅವರು ಬೈಕಿನಿಂದ ಇಳಿಯದೆಯೇ ಸಿರುಗುಪ್ಪಕ್ಕೆ ಫೋನ್ ಹಚ್ಚಿದರು. "ಕೋಳಿ ಮಾರಂಗಿಲ್ಲರಿ," ಎಂದರು. ಆಚೆ ಕಡೆಯ ದನಿ ನನಗೂ ಕೇಳಿಸುವಷ್ಟು ದೊಡ್ಡದಾಗಿತ್ತು: ಎರಡು ವಾರದಿಂದ ಗಾಡಿ ಕಾಯಿಸಿದ್ದಿ, ಮಾತಿನ ಮೇಲೆ ನಿಗಾ ಇಲ್ಲದ ಮನುಷ್ಯ ನೀನು, ನಿನ್ನ ಕೋಳಿ ನಂಬಿಕೊಂಡು ನಾನು ಕೆಟ್ಟೆ ಎಂದು ವ್ಯಾಪಾರಿ ಒಂದೇ ಸಮನೆ ಹರಿಹಾಯುತ್ತಿದ್ದ.

ನಮ್ಮವರ ಮುಖ ಅರಳಿತು. ಫೋನಿನ ಮೇಲೆ ಅಂಗೈ ಮುಚ್ಚಿ ನನ್ನ ಕಡೆ ಬಗ್ಗಿದರು.

"ಹುಲಿಗಿ, ಈತನೂ ಬೈಯಾಕತ್ತಾನ. ಭಾನುವಾರ ಈತನ ಮನಿಗೂ ಒಂದು ಡಜನ್ ತೆಗೆದಿಡು."